ಕಿಟಕಿಗೋ, ಗೋಡೆಗೋ

ಮೂರನೆಯ ವೈಶಾಖ, ಹುಣ್ಣಿಮೆಯ ಮರುದಿನ, ಸಂಜೆ
ನಿಮ್ಮ ಲೆಕ್ಕದಲ್ಲಿ ಇಸವಿ ೨೩೧೭
ಬೇವಿನಕಟ್ಟೆ ಓಣಿ, ಕಲಬುರಗಿ

ಚಂಪಾಬಾಯಿ ಆಯಿಗೆ, ನಿನ್ನ ವಂಶದ ಜಗದೇವಿ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡ. ನಮ್ಮ ಕಾಲದಲ್ಲಿ ಬೇಸಿಗೆ ಎಷ್ಟು ಉದ್ದವಾಗಿದೆಯೆಂದರೆ ವೈಶಾಖವನ್ನು ಒಂದೇ ಸಲ ಎಣಿಸಿದರೆ ಸಾಲುವುದಿಲ್ಲ. ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಎಣಿಸಿ ಆಮೇಲೆ ಜ್ಯೇಷ್ಠಕ್ಕೆ ಕಾಲಿಡುತ್ತೇವೆ. ಈ ಓಲೆಯಲ್ಲಿ ನಿನಗೆ ತಿಳಿಯದ ಶಬ್ದಗಳು ಬಂದಾವು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇನ್ನೊಂದಕ್ಕೂ ಕ್ಷಮಿಸು. ಇದು ನಿನ್ನ ಕೈ ಸೇರುವ ಹೊತ್ತಿಗೆ ನೀನು ನನ್ನ ಮಗಳ ವಯಸ್ಸಿನ ಹುಡುಗಿ, ನನಗೋ ಅರವತ್ತು ದಾಟಿ ಮೊಣಕಾಲು ಹಿಡಿದಿದೆ. ಆದರೂ ನಿನ್ನನ್ನು ಆಯಿ ಎನ್ನದೆ ಮತ್ತೇನೆನ್ನಲಿ? ನೀನು ಹೆತ್ತ ಕೂಸಿನಿಂದಲೇ ನಾವೆಲ್ಲ ಬಂದದ್ದು. ಮುದುಕಿಯೊಬ್ಬಳು ಆಯಿ ಎಂದು ಕರೆದಳೆಂದು ನಗು ಬಂದರೆ ನಕ್ಕುಬಿಡು, ನನಗೇನೂ ಬೇಸರವಿಲ್ಲ.

ನಮ್ಮಲ್ಲಿ ಒಂದು ರೂಢಿ ಇದೆ. ಮನೆಗೆ ಹೊಸ ತಂಪು ಆರಿಸುವ ಮುಂಚೆ, ಅದೇ ಮನೆಯಲ್ಲಿ ಹಿಂದೆ ತಂಪು ಆರಿಸಿದವರಿಗೆ ಒಂದು ಓಲೆ ಬರೆಯಬೇಕು. ಹಿಂದೋಲೆ ಎನ್ನುತ್ತೇವೆ. ಬರೆದದ್ದನ್ನು, ಅಂಗಳದ ಕೆಳಗಿಂದ ತಂಪು ತರುವ ನೆಲಗೊಳವೆಯ ಬಾಯಿಗೆ ಹಿಡಿದರೆ ಮನೆ ಒಂದು ಉಸಿರು ಎಳೆದುಕೊಳ್ಳುತ್ತದೆ, ಕಾಗದ ಬೆರಳಿನಿಂದ ಜಾರಿ ಒಳಗೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಆಣೆ ಮಾಡಿ ಹೇಳಿಲ್ಲ. ಮಣ್ಣಿನ ಕೆಳಗೆ ಕಾಲ ಹಿಂದಕ್ಕೂ ಹರಿಯುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಅರ್ಧ ನಂಬುವಂಥವು, ಇನ್ನರ್ಧ ಕೇಳಲಿಕ್ಕಷ್ಟೇ ಚೆಂದ. ಇದು ಯಾವ ಅರ್ಧಕ್ಕೆ ಸೇರಿದ್ದು ಎಂದು ನಾಳೆ ಬೆಳಿಗ್ಗೆ ನನಗೆ ಗೊತ್ತಾಗುತ್ತದೆ.

ವಿಷಯ ನೇರ ಹೇಳಿಬಿಡುತ್ತೇನೆ. ನನ್ನ ಮಗಳು ನೀಲಗಂಗಾ ತವರಿಗೆ ಬಂದಿದ್ದಾಳೆ, ದಿನ ತುಂಬಿವೆ. ಎರಡು ಬೇಸಿಗೆಯ ಹಿಂದೆ ಗಂಡನ ಮನೆಯಲ್ಲಿ ಅವಳ ಮೊದಲ ಕೂಸು, ಹೆಸರಿಡುವ ಮುಂಚೆಯೇ, ಒಂದು ಮಧ್ಯಾಹ್ನದ ಬಿಸಿಗೆ ಬಾಡಿಹೋಯಿತು. ಮನೆಮನೆಗೆ ತಂಪು ಹಂಚುವ ಆ ಊರಿನ ಓಣಿಗಾಳಿ ಅಂದು ಸ್ವಲ್ಪ ಹೊತ್ತು ನಿಂತಿತ್ತು, ಅಷ್ಟೇ. ಸ್ವಲ್ಪ ಹೊತ್ತು! ಈ ಸಲ ಹಾಗಾಗಬಾರದು ಎಂಬುದೊಂದೇ ನನ್ನ ಜೀವದ ಮಾತು. ಅದಕ್ಕಾಗಿ ಬಾಣಂತಿಯ ಕೋಣೆಗೆ ಯಾವ ತಂಪು ಹಚ್ಚಬೇಕು ಎಂದು ಈ ಮೂರು ವೈಶಾಖವೂ ತಲೆ ಕೆಡಿಸಿಕೊಂಡಿದ್ದೇನೆ.

ನಮ್ಮ ಕಾಲದಲ್ಲಿ ತಂಪು ಮೂರು ಬಗೆ. ನಮ್ಮ ಮನೆಯದು ನೆಲತಂಪು. ಅಂಗಳದ ಕೆಳಗೆ, ಬಾವಿಯಷ್ಟು ಆಳದಲ್ಲಿ, ಮಣ್ಣಿನ ಕೊಳವೆಗಳು ಸುತ್ತಿಕೊಂಡು ಮಲಗಿವೆ. ಹೊರಗಿನ ಬೆಂಕಿಗಾಳಿ ಅದರೊಳಗೆ ಇಳಿದು, ಕತ್ತಲಲ್ಲಿ ನಡೆದೂ ನಡೆದೂ ಸಮಾಧಾನ ಮಾಡಿಕೊಂಡು, ಮೂಲೆಯ ಕಿಂಡಿಯಿಂದ ಮನೆಯೊಳಗೆ ಬರುತ್ತದೆ. ಬರುವಾಗ ಹೊಸ ಗಡಿಗೆಯ ವಾಸನೆ ತರುತ್ತದೆ. ಆ ಕಿಂಡಿಗೆ ಕಿವಿಯಿಟ್ಟರೆ ಯಾರೋ ದೂರದಲ್ಲಿ ಬೀಸುಕಲ್ಲು ತಿರುಗಿಸಿದಂತೆ ಸಣ್ಣ ಸಪ್ಪಳ ಕೇಳಿಸುತ್ತದೆ. ನಾನು ಸಣ್ಣವಳಿದ್ದಾಗ ಅಲ್ಲೇ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ, ಕನಸಿನಲ್ಲಿ ನಿಮ್ಮೆಲ್ಲರ ಧ್ವನಿ ಕೇಳಿಸುತ್ತಿತ್ತು. ಅದಕ್ಕೆ ಯಂತ್ರವಿಲ್ಲ, ಅದು ನಿಲ್ಲುವ ಮಾತೇ ಇಲ್ಲ. ಆದರೆ ಮಹಾ ಮೈಗಳ್ಳ. ಬಿಸಿಲು ಏರಿ ಓಣಿಯ ಬಾಗಿಲೆಲ್ಲ ಮುಚ್ಚುವ ಹೊತ್ತಿಗೆ ನಾವು ಮುಚ್ಚುಹೊತ್ತು ಎನ್ನುತ್ತೇವೆ. ಆ ಮುಚ್ಚುಹೊತ್ತಿನಲ್ಲಿ ನೆಲತಂಪಿನ ಕೈ ಸಾಲುವುದಿಲ್ಲ. ದೊಡ್ಡವರು ಫರ್ಸಿಕಲ್ಲಿನ ನೆಲದ ಮೇಲೆ ನೀರು ಚಿಮುಕಿಸಿಕೊಂಡು ಅಂಗಾತ ಬಿದ್ದು ಕಾಲ ಹಾಕುತ್ತೇವೆ. ಹಸುಗೂಸಿಗೆ ಅದು ಆಗದ ಮಾತು.

ಪಕ್ಕದ ಸುಗಲಾಬಾಯಿಯ ಮನೆಯದು ಓಣಿಗಾಳಿ. ಓಣಿಯ ತುದಿಯ ಗಾಳಿಮನೆಯಲ್ಲಿ ಒಂದೇ ದೊಡ್ಡ ಯಂತ್ರವಿದೆ. ಅಲ್ಲಿಂದ ದಪ್ಪ ಬಟ್ಟೆಯ ಕೊಳವೆಗಳು ಮಾಳಿಗೆಯಿಂದ ಮಾಳಿಗೆಗೆ ಹಾಯ್ದು ಮನೆಮನೆಗೆ ತಂಪು ಹಂಚುತ್ತವೆ. ಬೆಳಗಿನ ಜಾವ ಯಂತ್ರ ಎಚ್ಚರವಾದಾಗ ಆ ಕೊಳವೆಗಳು ಒಂದರ ಹಿಂದೊಂದು ಉಬ್ಬಿಕೊಳ್ಳುವುದನ್ನು ನೋಡಬೇಕು ಆಯಿ, ನಿದ್ದೆಯಿಂದೆದ್ದು ಮೈಮುರಿದ ಹಾಗೆ. ಪ್ರತಿ ಸೋಮವಾರ ಅದರ ಬಾಯಿಗೆ ಲಾವಂಚದ ಬೇರು ಕಟ್ಟುತ್ತಾರೆ, ಓಣಿಯೆಲ್ಲ ಘಮ್ಮೆನ್ನುತ್ತದೆ. ಗಾಳಿ ಒಂದು ಮನೆ ಹೊಕ್ಕು ಇನ್ನೊಂದಕ್ಕೆ ಹೋಗುವುದರಿಂದ ಯಾರ ಮನೆಯಲ್ಲಿ ಶೇಂಗಾ ಹುರಿದರು, ಯಾರ ಮನೆಯಲ್ಲಿ ಪುಂಡಿಪಲ್ಯ ಒಗ್ಗರಣೆಯಾಯಿತು, ಎಲ್ಲ ಎಲ್ಲರಿಗೂ ಗೊತ್ತು. ಗಂಡಹೆಂಡಿರು ಜಗಳವಾಡಬೇಕಾದರೆ ಮೊದಲು ಕೊಳವೆಯ ಬಾಯಿಗೆ ದಿಂಬು ತುರುಕುತ್ತಾರೆ. ದಿಂಬು ತುರುಕಿದರೆಂದು ಗೊತ್ತಾದ ಕೂಡಲೇ ಜಗಳ ನಡೆದಿದೆ ಎಂದು ಓಣಿಗೆ ಗೊತ್ತಾಗುತ್ತದೆ! ಆ ಗಾಳಿಗೆ ಬಲವಿದೆ, ಮುಚ್ಚುಹೊತ್ತನ್ನೂ ತಡೆಯುತ್ತದೆ. ಆದರೆ ಒಮ್ಮೊಮ್ಮೆ ನಿಲ್ಲುತ್ತದೆ. ಅದರ ಹೆಸರೆತ್ತಿದರೆ ಸಾಕು, ನೀಲಗಂಗಾಳ ಕೈ ಹೊಟ್ಟೆಯ ಮೇಲೆ ಹೋಗುತ್ತದೆ.

ಮೂರನೆಯದು ಒಂಟಿಪೆಟ್ಟಿಗೆ. ನಿಮ್ಮ ಏಸಿಯ ಮರಿಮೊಮ್ಮಗ ಎಂದುಕೋ. ಒಂದು ಕೋಣೆಗೆ ಒಂದು ಪೆಟ್ಟಿಗೆ, ತನ್ನಷ್ಟಕ್ಕೆ ತಾನು, ಒಳಗೆ ಹಿಮ ಹೊರಗೆ ಬೆಂಕಿ. ನೀಲಗಂಗಾ ಕೇಳಿದ್ದು ಅದನ್ನೇ. ಆದರೆ ಅದರ ಬೆಂಕಿಯನ್ನು ಎಲ್ಲಿ ಬಿಡುವುದು? ಮಾಳಿಗೆಯ ಮೇಲೆ ಗಾಳಿಕೊಳವೆಗಳಿವೆ, ಅಲ್ಲಿ ಆಗದು. ಮುಂದಿನ ಓಣಿ ಎಲ್ಲರದು, ಅಲ್ಲೂ ಆಗದು. ಉಳಿದದ್ದು ನಮಗೂ ಸುಗಲಾಬಾಯಿಗೂ ನಡುವಿನ ಸಂದಿ. ಕೈ ಚಾಚಿದರೆ ಆಚೆಯ ಗೋಡೆ ಸಿಗುವಷ್ಟು ಸಣ್ಣದು. ಆ ಸಂದಿ ನಿನಗೆ ಚೆನ್ನಾಗಿ ಗೊತ್ತು, ಹೌದಲ್ಲವೇ?

ಗೊತ್ತಿರಲೇಬೇಕು. ನೀನು ಈಗ ಅಂಗಡಿಯಲ್ಲಿ ನಿಂತಿದ್ದೀ. ಎದುರಿಗೆ ಕೂಲರ್ ಇದೆ. ಅದು ಬೇಡವೆಂದು ಆಗಲೇ ತೀರ್ಮಾನಿಸಿದ್ದೀ, ಅದಕ್ಕೆ ದಿನಕ್ಕಿಷ್ಟು ಕೊಡ ನೀರು ಹೊರುವವರು ಯಾರು. ಇತ್ತ ಕಿಟಕಿಯೊಳಗೇ ಕೂರುವ ಏಸಿ, ಒಂದೇ ಡಬ್ಬಿ, ತಂದ ದಿನವೇ ತಣ್ಣಗೆ ಮಲಗಬಹುದು. ಅತ್ತ ಎರಡು ತುಂಡಿನ ಸ್ಪ್ಲಿಟ್, ಒಂದು ತುಂಡು ಒಳಗೆ ಗೋಡೆಯ ಮೇಲೆ, ಇನ್ನೊಂದು ಹೊರಗೆ, ನಡುವೆ ಪೈಪು, ಪೈಪಿಗೆ ಗೋಡೆಯಲ್ಲಿ ತೂತು. ಅಂಗಡಿಯವನು ಟನ್ನು, ಸ್ಟಾರು ಎಂದು ಮಂತ್ರ ಹೇಳುತ್ತಿದ್ದಾನೆ. ತಂಪನ್ನು ಟನ್ನಿನಲ್ಲಿ ತೂಗುತ್ತಿದ್ದಿರಲ್ಲ, ಏನು ಜನವೋ ನೀವು! ನಿನ್ನ ಕೂಸಿನ ಮೈತುಂಬ ಬೆವರುಸಾಲೆ ಎದ್ದಿದೆ, ಹಗಲೂ ಇರುಳೂ ಅಳುತ್ತದೆ. ಗೋಡೆಗೆ ತೂತು ಹೊಡೆಯುವುದು ಬೇಡ, ಹೊಸ ಮನೆ, ಅತ್ತೆ ಕೂಗಾಡುತ್ತಾರೆ ಎಂದು ನೀನು ಕಿಟಕಿಯದನ್ನೇ ಆರಿಸುತ್ತೀ. ತಂದು ಸಂದಿಯ ಕಿಟಕಿಯಲ್ಲಿ ಕೂರಿಸುತ್ತೀ.

ಅಂದು ಕೂಸು ಅಳು ನಿಲ್ಲಿಸಿ ಬೆಳಗಾಗುವವರೆಗೆ ಮಲಗಿತು ಎಂದು ನಮ್ಮ ಮನೆಯ ಕಥೆ ಹೇಳುತ್ತದೆ. ನನ್ನ ಕಾಲಕ್ಕೆ ನೀನು ಬರೀ ಆಯಿಯಲ್ಲ, ಅರ್ಧ ದೇವತೆ. ಯಂತ್ರ ಕೆಟ್ಟುಹೋದ ಮೇಲೆ ಅದನ್ನು ತೆಗೆದು ಆ ಕಿಟಕಿಗೆ ಒಂದು ಸಾಲು ಇಟ್ಟಿಗೆ ಕಟ್ಟಿದರು, ಒಳಮಗ್ಗುಲಿಗೆ ಒಂದು ಗೂಡು ಉಳಿಯಿತು. ಮುಂದಿನವರು ಕಿಟಕಿಯನ್ನು ಮರೆತರು, ಗೂಡನ್ನು ನೆನಪಿಟ್ಟರು. ಚಂಪಾ ಆಯಿಯ ಗೂಡು ಎಂದು ಅದಕ್ಕೆ ಅರಿಸಿನ ಬಳಿದು, ಮೊದಲ ವೈಶಾಖದ ದಿನ ದೀಪವಿಟ್ಟು, ಹೋಳಿಗೆಯ ಎಡೆ ಹಿಡಿಯುತ್ತೇವೆ. ಅಲ್ಲಿ ಒಂದು ಮೊಳೆ ಹೊಡೆದರೂ ಮನೆಯ ತಂಪು ಹೊರಟುಹೋಗುತ್ತದೆ ಎಂದು ನಂಬಿಕೊಂಡು ಬಂದಿದ್ದೇವೆ. ನಾನೂ ಕಣ್ಣುಮುಚ್ಚಿ ಕೈಮುಗಿದವಳೇ. ಗಾಳಿ ಬರುವ ದಾರಿಯನ್ನು ಮುಚ್ಚಿ, ಮುಚ್ಚಿದ್ದಕ್ಕೇ ಪೂಜೆ ಮಾಡಿದ ಬುದ್ಧಿವಂತರು ನಾವು.

ಆ ಗೂಡು ಮೊದಲು ಕಿಟಕಿಯಾಗಿತ್ತೆಂದು ನನಗೆ ತಿಳಿದದ್ದು ಇವತ್ತು, ಬಿಸಿಕೂಟದಲ್ಲಿ. ಬಿಸಿಕೂಟವೆಂದರೆ ಇಷ್ಟು: ಒಂಟಿಪೆಟ್ಟಿಗೆ ಹಚ್ಚಬೇಕೆನ್ನುವವರು, ಅದರ ಬಿಸಿ ಯಾರ ಕೋಣೆಯ ಮೇಲೆ ಬೀಳುತ್ತದೋ ಅವರ ಕೋಣೆಗೆ ಹೋಗಿ, ಅಷ್ಟೇ ಬಿಸಿ ಹಾಯಿಸಿಕೊಂಡು, ಒಂದು ಮುಚ್ಚುಹೊತ್ತು ಪೂರ್ತಿ ಕೂರಬೇಕು. ಆ ಮನೆಯವರೂ ಜೊತೆಗೆ ಕೂರಬೇಕು, ಊಟ ಹಾಕಬೇಕು. ಕಡೆಗೆ ಅವರು ಹಚ್ಚು ಎಂದರೆ ಹಚ್ಚುವುದು, ಬೇಡ ಎಂದರೆ ಬಿಡುವುದು. ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಳ್ಳುವಂತಿಲ್ಲ. ಕೇಳಲಿಕ್ಕೆ ಸುಲಭ. ಕೂತು ನೋಡು, ಗೊತ್ತಾಗುತ್ತದೆ.

ಸುಗಲಾಬಾಯಿ ನನಗಿಂತ ಹಿರಿಯಳು, ಒಬ್ಬಂಟಿ, ಬಾಯಿ ಬಲು ಜೋರು. ಚಾಪೆ ಹಾಸಿ, ಅಂಬಲಿ ಉಳ್ಳಾಗಡ್ಡಿ ಮುಂದಿಟ್ಟು, ಎದುರಿಗೆ ಕೂತಳು. ಬಿಸಿ ಏರುತ್ತಾ ಹೋಯಿತು. ಮೊದಲು ಸೆರಗು ಒದ್ದೆಯಾಯಿತು, ಆಮೇಲೆ ಚಾಪೆ. ಆಮೇಲೆ ಗೋಡೆಗಳು ಸಣ್ಣಗೆ ತೂಗುತ್ತಿರುವಂತೆ, ನಾವಿಬ್ಬರೂ ಯಾವುದೋ ಬಿಸಿನೀರಿನ ತಳದಲ್ಲಿ ಕೂತಿರುವಂತೆ ಅನಿಸತೊಡಗಿತು. ಆ ಮಂಪರಿನಲ್ಲಿ ನನ್ನ ಕಣ್ಣು ಎದುರಿನ ಗೋಡೆಯ ಮೇಲೆ ನಿಂತಿತು. ಅಲ್ಲಿ ಚೌಕಾಕಾರದ ಒಂದು ತೇಪೆ ಇತ್ತು, ಸುತ್ತಲಿನ ಗಾರೆಗೆ ಒಗ್ಗದ ಬಣ್ಣ. ಅದೇನು ಎಂದು ಕೇಳಿದೆ. ಹಿಂದೋಲೆಯಲ್ಲಿ ಆಡಿದ ಮಾತನ್ನು ಹಾಗೆಯೇ ಬರೆಯಬಾರದು ಎಂಬ ಕಟ್ಟಳೆಯಿದೆ. ಆದರೆ ಸುಗಲಾಬಾಯಿಯ ಬಾಯಿಯನ್ನು ಸಾರಾಂಶ ಮಾಡಲಿಕ್ಕೆ ಯಾರಿಂದಾಗುತ್ತದೆ? ಇದ್ದಂತೆಯೇ ಬರೆಯುತ್ತೇನೆ.

“ಏನದು ಅಂತ ಕೇಳ್ತಿ ಅಲ್ಲ? ಕಿಡಕಿ ಅದು. ನಮ್ಮ ಪುತಳಾ ಆಯಿ ಅಲ್ಲೇ ಕುಂತು ಕೌದಿ ಹೊಲೀತಿದ್ದಳು. ನಿಮ್ಮ ಕಿಡಕಿ ಅದಕ್ಕ ಎದುರಾ ಎದುರು ಇತ್ತು. ನಿಮ್ಮ ಕೂಸಿನ ತೊಟ್ಟಿಲಾ ಕಾಣ್ತಿತ್ತಂತ.”

ಕೂಸು ಅತ್ತಾಗಲೆಲ್ಲ ಪುತಳಾ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಜಿನ ಬಳೆ ಅಲುಗಿಸುತ್ತಿದ್ದಳಂತೆ. ಆ ಸಪ್ಪಳಕ್ಕೆ ಕೂಸು ಸುಮ್ಮನಾಗಿ ನಗುತ್ತಿತ್ತಂತೆ. ನಿನ್ನ ಏಸಿ ಬಂದ ದಿನ ಅದರ ಬಿಸಿಯೆಲ್ಲ ಅವಳ ಮುಖಕ್ಕೇ ಹೊಡೆಯಿತು. ಒಂದು ವಾರ ಸೆರಗು ಅಡ್ಡ ಹಿಡಿದು ಕೂತಳು. ಆಮೇಲೆ ಅವಳಪ್ಪ ಇಟ್ಟಿಗೆ ತಂದು ಕಿಟಕಿಯನ್ನೇ ಕಟ್ಟಿಬಿಟ್ಟ.

“ಸೆಕಿಗೆ ಅಳ್ತಿತ್ತು, ಏಸಿ ಹಚ್ಚಿದ ಕೂಡ್ಲೇ ಮಲಗ್ತು ಅಂತ ನೀವು ಹೇಳ್ಕೋತ ಬಂದೀರಿ. ಖರೆ ಹೇಳಲೇನು? ಕಿಡಕಿ ಮುಚ್ಚಿದ ಮ್ಯಾಲ ನಿಮ್ಮ ಕೂಸು ದಿನಾ ಅತ್ತದ. ಗ್ವಾಡಿ ಈ ಕಡೀಲಿಂದ ನಮ್ಮ ಪುತಳಾ ಆಯಿ ಬಳಿ ಅಲುಗಿಸ್ಯಾಳ, ಅಲುಗಿಸ್ಯಾಳ, ಆ ಮಷೀನಿನ ಸಪ್ಪಳದಾಗ ಅದಕ್ಕ ಕೇಳಿಲ್ಲ. ನಿಮ್ಮ ಆಯಿ ದೇವರಾದಳು, ನಮ್ಮ ಆಯಿ ಗ್ವಾಡಿ ಆದಳು. ಇದೆಂಥ ನ್ಯಾಯ ಜಗದೇವಿ?”

ಅಂಬಲಿಯ ಬಟ್ಟಲನ್ನು ಕೆಳಗಿಟ್ಟೆ. ಆಯಿ, ನಿನ್ನ ಪರವಾಗಿ ಜಗಳಕ್ಕೆ ನಿಲ್ಲೋಣವೆಂದರೆ ಆ ಬಿಸಿ ನನ್ನ ಮೈಮೇಲೇ ಇತ್ತು. ಅಷ್ಟು ಬಿಸಿಯಲ್ಲಿ ಕೂತವರಿಗೆ ಸುಳ್ಳು ಹೇಳಲಿಕ್ಕೆ ತ್ರಾಣ ಇರುವುದಿಲ್ಲ. ಬಿಸಿಕೂಟದ ರೂಢಿ ಮಾಡಿದವರು ಅದನ್ನು ತಿಳಿದೇ ಮಾಡಿರಬೇಕು. ನಾಚಿಕೆಯಾಯಿತು, ಅಳು ಬಂತು, ಬೆವರಿನಲ್ಲಿ ಅದೂ ಕೂಡಿಹೋಯಿತು. ಇನ್ನು ಇವಳು ಬೇಡವೆನ್ನುತ್ತಾಳೆ, ಎನ್ನಲಿ, ಎನ್ನುವ ಹಕ್ಕಿದೆ ಎಂದು ಎದ್ದೆ. ಬಾಗಿಲವರೆಗೆ ಹೋಗಿದ್ದೆ, ಹಿಂದಿನಿಂದ ಅವಳ ಧ್ವನಿ ಬಂತು.

“ಹಚ್ಚವ್ವಾ, ಹಚ್ಚು. ನನ್ನ ಹಾಸಿಗಿ ಅಡಗಿ ಮನ್ಯಾಗ ಹಾಕ್ಕೋತೀನಿ. ಕೂಸು ಮೊದಲ.”

ಬೇಡ ಎಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹಚ್ಚು ಎಂದದ್ದೇ ನನ್ನ ಕಾಲು ಕಟ್ಟಿಹಾಕಿತು. ಮನೆಗೆ ಬಂದು ನಡೆದದ್ದನ್ನೆಲ್ಲ ನೀಲಗಂಗಾಳ ಮುಂದೆ ಸುರಿದೆ. ಅವಳು ಎದ್ದು, ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಡೆದು, ನಿನ್ನ ಗೂಡಿನ ದೀಪವನ್ನು ಎತ್ತಿ ಕೆಳಗಿಟ್ಟಳು. ನಾನು ಹೌಹಾರಿದೆ, ನಮ್ಮ ಮನೆಯಲ್ಲಿ ಆ ದೀಪವನ್ನು ಹಾಗೆಲ್ಲ ಯಾರೂ ಮುಟ್ಟುವುದಿಲ್ಲ. ಅವಳು ಗೂಡಿನೊಳಗೆ ಕೈ ಹಾಕಿ ಬೆರಳಿನಿಂದ ಟಕಟಕ ಬಡಿದು ನೋಡಿದಳು.

“ಅವ್ವಾ, ಒಂದಾ ಸಾಲು ಇಟ್ಟಂಗಿ ಅದ, ಟೊಳ್ಳು ಸಪ್ಪಳ ಬರ್ಲತ್ತದ,” ಎಂದಳು. ಮತ್ತೊಮ್ಮೆ ಬಡಿದು, “ನಮ್ಮ ತಂಪು ನಿಲ್ಲಂಗಿಲ್ಲ, ಅವರ ತಂಪು ಕಮ್ಮಿ ಬೀಳಂಗಿಲ್ಲ. ನಡುವ ಬರೀ ಎರಡು ಮುಚ್ಚಿದ ಕಿಡಕಿ ಅವ. ತಗದ್ರ ಏನಾಗ್ತದ?” ಎಂದಳು.

ನೋಡು, ಮೂರು ವೈಶಾಖ ತಲೆ ಕೆರೆದುಕೊಂಡ ನನಗೆ ಹೊಳೆಯಲಿಲ್ಲ, ಭಯದಲ್ಲಿ ಮುಳುಗಿದವಳಿಗೆ ಹೊಳೆಯಿತು. ಪೆಟ್ಟಿಗೆ ಹಚ್ಚುವ ಮಾಬಣ್ಣನನ್ನು ಕರೆಸಿದೆವು. ಅವನು ಎರಡೂ ಮನೆ ಹೊಕ್ಕು ಗೋಡೆ ಬಡಿದು ನೋಡಿ, ಹಳೆಯ ಗಾಳಿಕೊಳವೆಯ ಒಂದು ತುಂಡನ್ನು ಸಂದಿಗೆ ಅಡ್ಡ ಕಟ್ಟಿದರೆ ಎರಡು ಕೋಣೆ ಒಂದಾಗುತ್ತವೆ, ಮುಚ್ಚುಹೊತ್ತಿಗೆ ಓಣಿಗಾಳಿಯ ಬಲ ಬರುತ್ತದೆ, ಅದು ನಿಂತರೆ ನೆಲತಂಪು ಕೈ ಹಿಡಿಯುತ್ತದೆ, ಆ ಸ್ವಲ್ಪ ಹೊತ್ತು ದಾಟಲಿಕ್ಕೆ ಅದು ಸಾಕು ಎಂದ. ತಂದಿಟ್ಟ ಪೆಟ್ಟಿಗೆಯನ್ನು ಮಾತ್ರ ವಾಪಸು ಒಯ್ಯುತ್ತೇನೆ ಎಂದು ಮುಖ ಸಣ್ಣದು ಮಾಡಿಕೊಂಡ. ಸುಗಲಾಬಾಯಿಗೆ ಹೇಳಿದಾಗ ಅವಳು ಗೋಡೆಯ ಆ ತೇಪೆಯ ಮೇಲೆ ಕೈ ಸವರಿದಳು. ಆಮೇಲೆ, ಮೊದಲ ಏಟು ನಿಮ್ಮ ಆಯಿಯ ಗೂಡಿಗೇ ಬೀಳಬೇಕು ಎಂದಳು. ಆಗಲಿ ಎಂದೆ.

ಹೆದರಿಕೆ ಹೋಗಿಲ್ಲ ಆಯಿ. ಕೂಸಿನ ವಿಷಯದಲ್ಲಿ ಯಾವ ತಂಪನ್ನು ಪೂರ್ತಿ ನಂಬಲಿಕ್ಕಾಗುತ್ತದೆ? ಆದರೆ ಇವತ್ತು ನೀಲಗಂಗಾ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ರೊಟ್ಟಿ ಉಂಡು ಮಲಗಿದ್ದಾಳೆ. ಮಲಗಿದವಳ ಮುಖ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ. ಮಾಳಿಗೆಯ ಮೇಲೆ ಗಾಳಿಕೊಳವೆಗಳು ಸಂಜೆಯ ಕೆಂಪಿನಲ್ಲಿ ಮೆಲ್ಲಗೆ ಏರಿಳಿಯುತ್ತಿವೆ, ಹಾರೆ ಗೂಡಿನ ಕೆಳಗೆ ಗೋಡೆಗೆ ಒರಗಿದೆ. ನಾಳೆ ಬೆಳಿಗ್ಗೆ ಸ್ನಾನ ಮಾಡಿ, ನಿನಗೆ ಕೈಮುಗಿದು, ನಿನ್ನ ಗೂಡನ್ನು ಒಡೆಯುತ್ತೇನೆ. ತಪ್ಪು ತಿಳಿಯಬೇಡ.

ಈಗ ನನ್ನ ಬೇಡಿಕೆ. ಏಸಿ ತರಬೇಡ ಎನ್ನುವಷ್ಟು ಕಲ್ಲುಹೃದಯದವಳಲ್ಲ ನಾನು, ಮೂರ್ಖಳೂ ಅಲ್ಲ. ಆ ಬೆವರುಸಾಲೆಯ ಕೂಸು ಬದುಕಿ ಬೆಳೆದದ್ದಕ್ಕೇ ನಾನಿದ್ದೇನೆ, ನೀಲಗಂಗಾ ಇದ್ದಾಳೆ. ತಾ. ಆದರೆ ಎರಡು ತುಂಡಿನದನ್ನು ತಾ. ಗೋಡೆಗೆ ಒಂದು ತೂತು ಬಿದ್ದರೆ ಬೀಳಲಿ, ಅತ್ತೆ ಕೂಗಾಡಿದರೆ ಕೂಗಾಡಲಿ. ಹೊರಗಿನ ತುಂಡನ್ನು ಮಾಳಿಗೆಯ ಮೇಲೆ ಇಡಿಸು, ನಿನ್ನ ಕಾಲದಲ್ಲಿ ಅಲ್ಲಿ ಇನ್ನೂ ಜಾಗವಿದೆ, ಆಕಾಶ ಖಾಲಿ ಇದೆ. ಕಿಟಕಿಯನ್ನು ಕಿಟಕಿಯಾಗಿಯೇ ಬಿಡು.

ನೀನು ಹಾಗೆ ಮಾಡಿದೆಯೋ ಇಲ್ಲವೋ ನನಗೆ ನಾಳೆ ತಿಳಿಯುತ್ತದೆ. ನಾನು ಹಾರೆ ಎತ್ತುವ ಹೊತ್ತಿಗೆ ಅಲ್ಲಿ ಇಟ್ಟಿಗೆಯೇ ಇಲ್ಲದೆ, ಹಳೆಯ ಕಿಟಕಿಯ ಸರಳುಗಳಾಚೆ ಸುಗಲಾಬಾಯಿ ಕೂತು, ಏನು ಜಗದೇವಿ, ಬೆಳಿಗ್ಗೆ ಬೆಳಿಗ್ಗೆ ಹಾರೆ ಹಿಡಿದು ಯಾರ ಮನೆ ಒಡೆಯಲಿಕ್ಕೆ ಹೊರಟೆ ಎಂದು ಗದರಿಸಿದರೆ, ಓಲೆ ತಲುಪಿತು ಎಂದುಕೊಳ್ಳುತ್ತೇನೆ. ಇಟ್ಟಿಗೆಯೇ ಇದ್ದರೆ ಅದಕ್ಕೂ ಚಿಂತೆಯಿಲ್ಲ. ನಮ್ಮ ಕೈಯಲ್ಲಿ ಹಾರೆಯಿದೆ.

ಆದರೂ ಒಂದು ಮಾತು ನಡೆಸಿಕೊಡು. ಏಸಿ ಕೂರಿಸುವ ಹುಡುಗ ಸ್ಟೂಲಿನ ಮೇಲೆ ನಿಂತು, ಎಲ್ಲಿ ಕೂರಿಸಲಿ, ಕಿಟಕಿಗೋ ಗೋಡೆಗೋ ಎಂದು ಕೇಳುತ್ತಾನೆ. ಉತ್ತರ ಹೇಳುವ ಮುಂಚೆ ಕೂಸನ್ನು ಎತ್ತಿಕೊಂಡು ಒಮ್ಮೆ ಆ ಕಿಟಕಿಯ ಹತ್ತಿರ ಹೋಗು. ಎದುರಿನ ಕಿಟಕಿಯಲ್ಲಿ ಒಬ್ಬ ಹುಡುಗಿ ಕೌದಿ ಹೊಲಿಯುತ್ತಾ ಕೂತಿರುತ್ತಾಳೆ. ಅವಳ ಹೆಸರು ಪುತಳಾ. ಕೂಸನ್ನು ಕಂಡ ಕೂಡಲೇ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ಕೈ ಹೊರಗೆ ಚಾಚಿ ಬಳೆ ಅಲುಗಿಸುತ್ತಾಳೆ.

ನಿನ್ನ ಮಗ ಅತ್ತ ಹೊರಳುತ್ತಾನೆ, ನೋಡು.

ನಿನ್ನ,
ಜಗದೇವಿ